ನೀರಿನ ಹುಡುಗಿಗೆ ಇಬ್ಬರು ಅಜ್ಜಿಯರು

ಸಾಲಗಾಮೆ ರಸ್ತೆಯ ನಮ್ಮ ಬಾಡಿಗೆ ಮನೆಯಲ್ಲಿ ಊಟಕ್ಕೆ ಕೂರಬೇಕೆಂದರೆ ಮೊದಲು ಪಿಯಾನೊದ ಸ್ಟೂಲನ್ನು ಒಳಕ್ಕೆ ತಳ್ಳಬೇಕಿತ್ತು. ಮುಂದೆ ಒಂದು ರೂಮು, ನಡುವೆ ಒಂದು, ಹಿಂದೆ ಅಡಿಗೆಮನೆ, ಅದರಾಚೆ ಬಚ್ಚಲು, ಹಿತ್ತಲು. ನಡುವಿನ ರೂಮಿನ ಅರ್ಧವನ್ನು ಪಿಯಾನೊ ನುಂಗಿಹಾಕಿತ್ತು. ಹಾಸನದ ಹಳೆಯ ಕ್ಲಬ್ಬೊಂದು ಕಟ್ಟಡ ರಿಪೇರಿಗೆ ತೆಗೆದುಕೊಂಡಾಗ ಹೊರಗೆ ಇಟ್ಟು ಮರೆತುಬಿಟ್ಟಿದ್ದ ಪಿಯಾನೊ ಅದು. ಕಾನ್ವೆಂಟಿಗೆ ಪಾಠ ಹೇಳಲು ಹೋಗುತ್ತಿದ್ದ ಅಮ್ಮ ಅದನ್ನು ದಾರಿಯಲ್ಲಿ ಕಂಡು ನಿಂತವಳು ಆ ದಿನ ಶಾಲೆಗೇ ಹೋಗಲಿಲ್ಲವಂತೆ. ಎತ್ತಿನ ಗಾಡಿಯಲ್ಲಿ ಮನೆಗೆ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲವಾದ್ದರಿಂದ ಬಾಗಿಲ ಚೌಕಟ್ಟನ್ನೇ ಕಿತ್ತರು. ಮನೆಯ ಓನರು ನಂಜಪ್ಪನವರು ಅರಕಲಗೂಡಿನ ಕಡೆಯವರು, ಆಲೂಗಡ್ಡೆ ವ್ಯಾಪಾರಿ. ಅವರು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದ್ರೊಳಗೆ ಮೂರು ಮೂಟೆ ಗೆಡ್ಡೆ ಇಡಬೋದು ಕಣ್ ಮೇಷ್ಟ್ರೇ" ಎಂದಷ್ಟೇ ಅಪ್ಪನಿಗೆ ಹೇಳಿ ಹೋದರಂತೆ. ಅದರ ಮುಂಭಾಗದಲ್ಲಿ ಮೋಂಬತ್ತಿ ಸಿಕ್ಕಿಸಲು ಎರಡು ಹಿತ್ತಾಳೆಯ ಕೈಗಳಿದ್ದವು. ಅಮ್ಮ ಅವುಗಳಿಗೆ ಊದುಬತ್ತಿ ಸಿಕ್ಕಿಸುತ್ತಿದ್ದಳು. ಮಳೆಗಾಲದಲ್ಲಿ ಅದರ ಕೆಲವು ಮನೆಗಳು, ಅಂದರೆ ಬೆರಳಿಡುವ ಬಿಳಿ ಕಪ್ಪು ಪಟ್ಟಿಗಳು, ಒತ್ತಿದರೆ ಮೇಲೇಳುತ್ತಿರಲಿಲ್ಲ. ನುಡಿಸುತ್ತ ನುಡಿಸುತ್ತಲೇ ಅಮ್ಮ ಅವುಗಳನ್ನು ಕಿರುಬೆರಳಿನಿಂದ ಎಬ್ಬಿಸುತ್ತಿದ್ದಳು, ಮಲಗಿದ ಮಕ್ಕಳನ್ನು ಎಬ್ಬಿಸುವ ಹಾಗೆ.

ಅಪ್ಪ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಬಿದಿರಿನ ಕೊಳಲು ಕಲಿತು, ಮೈಸೂರಿಗೆ ಓದಲು ಹೋದವನು. ಅಲ್ಲಿ ಹಿಂದೊಮ್ಮೆ ಅರಮನೆಯ ಬ್ಯಾಂಡಿನಲ್ಲಿ ಊದುತ್ತಿದ್ದ ಮುದುಕರೊಬ್ಬರ ಕೈಗೆ ಸಿಕ್ಕಿ ಬೆಳ್ಳಿ ಬಣ್ಣದ, ಕೀಲುಗಳಿರುವ ಪಾಶ್ಚಾತ್ಯ ಕೊಳಲಿಗೆ ಮನಸೋತ. ಅಮ್ಮ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯ ಮಗಳು. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಅವಳಿಗೆ ಪಿಯಾನೊ ಕಲಿಸಿದ್ದರು. ಆ ಮುದುಕರ ಹತ್ತಿರ ಒಂದು ಹಳೆಯ ಸ್ವರಪುಸ್ತಕವಿತ್ತು. ಯಾವುದೋ ಕಾಲದಲ್ಲಿ ಜರ್ಮನಿಯವರೊಬ್ಬರು ಕೊಳಲಿಗೂ ಪಿಯಾನೊಗೂ ಸೇರಿಸಿ ಬರೆದ ಸೊನಾಟ ಅದು. ನಾಲ್ಕು ಭಾಗಗಳಲ್ಲಿ ಒಬ್ಬಳು ನೀರಿನ ಹುಡುಗಿಯ ಕತೆ. ಮಾತಿಲ್ಲ, ಬರೀ ಸ್ವರ. ಅದನ್ನು ನುಡಿಸಬಲ್ಲ ಇಬ್ಬರನ್ನು ಹುಡುಕುತ್ತಿದ್ದ ಅವರು ನನ್ನ ಅಪ್ಪ ಅಮ್ಮನನ್ನು ಎದುರುಬದುರು ಕೂರಿಸಿದರು. ಮೊದಲ ಭಾಗ ಕಲಿಯುವಾಗ ಜಗಳವಾಡಿದರು, ಎರಡನೆಯದರಲ್ಲಿ ನಕ್ಕರು, ಮೂರನೆಯದು ಮುಗಿಯುವ ಹೊತ್ತಿಗೆ ಮದುವೆಯಾಗುವುದೆಂದು ತೀರ್ಮಾನಿಸಿದ್ದರು. ನಾಲ್ಕನೆಯದು ಬಹಳ ಕಷ್ಟವಂತೆ. ಅದನ್ನು ಮದುವೆಯಾದ ಮೇಲೆ ಕಲಿತರು.

ನಮ್ಮ ಮನೆಯ ಜಗಳಗಳೆಲ್ಲ ಆ ಸೊನಾಟದೊಳಗೇ ನಡೆಯುತ್ತಿದ್ದವು. ಪಿಯಾನೊ ವಯಸ್ಸಾಗಿ ಶ್ರುತಿಯಲ್ಲಿ ಅರ್ಧ ಮನೆ ಕೆಳಗಿಳಿದಿತ್ತು. ಅದಕ್ಕೆ ಹೊಂದಿಸಲು ಅಪ್ಪ ತನ್ನ ಕೊಳಲಿನ ತಲೆಯನ್ನು ಹೊರಕ್ಕೆ ಎಳೆದು, ಬಿದ್ದುಹೋಗದಂತೆ ದಾರ ಸುತ್ತಿಕೊಳ್ಳುತ್ತಿದ್ದ. ಬೆಳಿಗ್ಗೆ ಬಚ್ಚಲ ಹಂಡೆಯ ಪಕ್ಕ ನಿಂತು ಸಾಧನೆ ಮಾಡಿದರೆ ನಾದ ತುಂಬಿ ಬರುತ್ತದೆಂದು ಅವನ ನಂಬಿಕೆ. ನೀರು ಕಾದು ಆರಿದರೂ ನನ್ನ ಸ್ನಾನವಾಗುತ್ತಿರಲಿಲ್ಲ. ಸಂಜೆ ಇಬ್ಬರೂ ನುಡಿಸಲು ಕೂತರೆ ಎಲ್ಲೋ ಒಂದು ಕಡೆ ಅಪ್ಪ ಸ್ವರವನ್ನು ಸ್ವಲ್ಪ ಬಳುಕಿಸುತ್ತಿದ್ದ. ಅಮ್ಮನ ಕೈ ತಟ್ಟನೆ ನಿಲ್ಲುತ್ತಿತ್ತು.

"ಅಲ್ಲಿ ಗಮಕ ಬರೆದಿಲ್ಲರೀ."

"ಬರೆದಿಲ್ಲ ಅಂದ್ರೆ ಬೇಡ ಅಂತಲ್ಲ ಗಿರಿಜಾ. ಅವನಿಗೆ ಗೊತ್ತಿರಲಿಲ್ಲ, ಪಾಪ."

"ಅವನಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತು. ಸರಿ. ನೀವೇ ಒಂದು ಬರ್ಕೊಳ್ಳಿ."

ಆಮೇಲೆ ಮಾತಿಲ್ಲ. ಆದರೆ ಸಾಧನೆ ನಿಲ್ಲುವಂತಿಲ್ಲ, ಅದು ಇಬ್ಬರ ಮಧ್ಯದ ಒಪ್ಪಂದ. ಮಾತಿಲ್ಲದ ದಿನಗಳಲ್ಲಿ ಅಮ್ಮ ನನ್ನ ಮೂಲಕ ಹೇಳಿಸುತ್ತಿದ್ದಳು. "ಪುಟ್ಟಿ, ನಿಮ್ಮಪ್ಪಂಗೆ ಹೇಳು, ಎರಡನೇ ಸಾಲಿಗೆ ಮೊದಲು ಉಸಿರು ತಗೋಬೇಕಂತೆ." ಅಪ್ಪ ನನ್ನ ಮೂಲಕವೇ ಉತ್ತರಿಸುತ್ತಿದ್ದ. "ನಿಮ್ಮಮ್ಮಂಗೆ ಹೇಳು, ಉಸಿರು ನಂದು." ನಾನು ಇಬ್ಬರ ನಡುವೆ ನಿಂತು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದೆ. ಎರಡನೆಯ ಭಾಗ ಬರುವವರೆಗೆ ಮಾತ್ರ ಈ ಕೆಲಸ. ಅದರಲ್ಲಿ ನೀರಿನ ಹುಡುಗಿ ತುಂಟಾಟ ಮಾಡುತ್ತಾಳೆ. ಕೊಳಲು ಓಡುತ್ತದೆ, ಪಿಯಾನೊ ಅಟ್ಟಿಸಿಕೊಂಡು ಹೋಗುತ್ತದೆ, ಆಮೇಲೆ ಕೊಳಲು ಸುಮ್ಮನಾಗಿ ಪಿಯಾನೊ ಒಂದೇ ಹಾಡುತ್ತದೆ. ಅಷ್ಟು ವೇಗದಲ್ಲಿ ಸಿಟ್ಟು ಇಟ್ಟುಕೊಂಡು ನುಡಿಸುವುದು ಯಾರಿಂದಲೂ ಆಗುವುದಿಲ್ಲ. ಇಬ್ಬರಲ್ಲಿ ಒಬ್ಬರು ನಕ್ಕುಬಿಡುತ್ತಿದ್ದರು, ಆ ದಿನದ ಸಾರಿಗೆ ರುಚಿ ಬರುತ್ತಿತ್ತು.

ಅಜ್ಜಿಯರ ವಿಷಯಕ್ಕೆ ಬರಬೇಕು. ಅಪ್ಪನ ತಾಯಿ ಹೊಳೆನರಸೀಪುರದಲ್ಲಿ ದೊಡ್ಡಪ್ಪನ ಜೊತೆ ಇದ್ದಳು. ನನ್ನ ಬಾಯಲ್ಲಿ ಅವಳು ಹೊಳೆಯಜ್ಜಿ. ಅಮ್ಮನ ತಾಯಿ ಚನ್ನರಾಯಪಟ್ಟಣದವಳು, ಪಟ್ಣದಜ್ಜಿ. ಒಬ್ಬಳದು ಮಡಿ, ತುಳಸಿ, ಏಕಾದಶಿ. ಇನ್ನೊಬ್ಬಳದು ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗ, ಪೂಜೆಯಾಗದೆ ತೊಟ್ಟು ನೀರೂ ಇಲ್ಲ. ಮಾಂಸ ಇಬ್ಬರ ಮನೆಗೂ ಬಂದದ್ದಲ್ಲ, ಆದರೆ ಒಬ್ಬರ ಮನೆಯ ಅನ್ನ ಇನ್ನೊಬ್ಬರಿಗೆ ಇಳಿಯದು. ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆದದ್ದು, ಎರಡೂ ಕಡೆಯಿಂದ ಯಾರೂ ಬಂದಿರಲಿಲ್ಲ. ನಾನು ಹುಟ್ಟಿದಾಗಲೂ ಯಾರೂ ಬರಲಿಲ್ಲ. ಅಮ್ಮನ ಬಾಣಂತನವನ್ನು ನಂಜಪ್ಪನವರ ಹೆಂಡತಿ ಮಾಡಿದಳಂತೆ. ನನಗೆ ನಡೆಯಲು ಬಂದ ಮೇಲೆ ಅಜ್ಜಿಯರು ಒಬ್ಬೊಬ್ಬರಾಗಿ ಬರತೊಡಗಿದರು. ಹೊಳೆಯಜ್ಜಿಗೆ ಹಾಸನದ ಕಣ್ಣಿನ ಡಾಕ್ಟರ ನೆಪ. ಮರಕ್ಕೆ ಮೈಲಿಗೆ ಇಲ್ಲವೆಂದು ಹೇಳಿಕೊಂಡು ಪಿಯಾನೊ ಸ್ಟೂಲಿನ ಮೇಲೇ ಕೂತು, ಊರಿಂದ ತಂದ ಅವಲಕ್ಕಿ ಬಾಳೆಹಣ್ಣು ತಿಂದು, ತನ್ನ ಚೊಂಬಿನ ನೀರು ಕುಡಿದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಪಟ್ಣದಜ್ಜಿ ತಾತನಿಗೆ ಹೇಳದೆ ಬರುವವಳು. ತಾತ ಮಗಳ ಹೆಸರು ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದ. ಅವಳು ಚೀಲದ ತುಂಬ ತೆಂಗಿನಕಾಯಿ ತಂದು ಇಳಿಸಿ, ಬಟ್ಟೆಯಲ್ಲಿ ಸುತ್ತಿ ತಂದ ರೊಟ್ಟಿಯನ್ನು ಹಿತ್ತಲ ಕಟ್ಟೆಯಲ್ಲಿ ಕೂತು ತಿನ್ನುತ್ತಿದ್ದಳು. ಇಬ್ಬರೂ ಒಂದೇ ದಿನ ಬಾರದಂತೆ ಅಪ್ಪ ಅಮ್ಮ ಬಹಳ ಎಚ್ಚರ ವಹಿಸುತ್ತಿದ್ದರು.

ಹೊಳೆಯಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದಳು.

"ಆಕೆ ಬಂದಿದ್ರೇನೇ? ನಮ್ಮ ಸೀನು ಎಷ್ಟು ಸಾಧು ಹುಡುಗ ಗೊತ್ತಾ. ಆ ಪೆಟ್ಟಿಗೆ ಬಾರಿಸಿ ಬಾರಿಸಿ ಆಕೆ ಮಗಳು ಅವನ ತಲೆ ಕೆಡಿಸಿದ್ಲು."

ಪಟ್ಣದಜ್ಜಿಯ ಮಾತು ಇನ್ನೊಂದು ದಿನ, ಇನ್ನೊಂದು ದಿಕ್ಕಿನಿಂದ.

"ಆಯಮ್ಮ ಬಂದಿದ್ರೇನವ್ವ? ನನ್ ಮಗ್ಳು ಅಸುವಿನಂಗಿದ್ಲು. ನಿಮ್ಮಪ್ಪ ಕೊಳ್ಲು ಊದಿ ಊದಿ ಮಳ್ಳು ಮಾಡ್ಬುಟ್ಟ."

ನನಗೆ ಇದರಿಂದ ಬೇಸರವೇನೂ ಆಗುತ್ತಿರಲಿಲ್ಲ. ಒಂದೇ ಕತೆಯನ್ನು ಇಬ್ಬರು ಹೇಳಿದರೆ ಎರಡು ಕತೆಯಾಗುತ್ತದೆ ಎನ್ನುವುದನ್ನು ನಾನು ಶಾಲೆಗೆ ಸೇರುವ ಮೊದಲೇ ಕಲಿತೆ. ಮುಂದೆ ಕತೆಗಳನ್ನು ಬರೆಯುವವಳಾದಾಗ ಇದೇ ನನ್ನ ಬಂಡವಾಳವಾಯಿತು.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಅಮ್ಮ ಮತ್ತೆ ಬಸುರಿಯಾದಳು. ಈ ಸಲ ಮೈಗೆ ಒಗ್ಗಲಿಲ್ಲ. ಊಟ ಸೇರದು, ಎದ್ದರೆ ತಲೆಸುತ್ತು. ಡಾಕ್ಟರು ಮಲಗಿಯೇ ಇರಬೇಕೆಂದರು. ಅಪ್ಪ ಅಡಿಗೆಮನೆಗೆ ಇಳಿದ. ಗಿಡಗಳ ಹೆಸರನ್ನೆಲ್ಲ ಲ್ಯಾಟಿನ್ನಿನಲ್ಲಿ ಹೇಳಬಲ್ಲವನಿಗೆ ಬೇಳೆ ಬೆಂದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪಿಯಾನೊದ ಮುಚ್ಚಳ ಮುಚ್ಚಿತು. ಅದರ ಮೇಲೆ ಔಷಧಿಯ ಬಾಟಲಿ, ಒಗೆದ ಬಟ್ಟೆ. ಮನೆಯಲ್ಲಿ ಜಗಳವೂ ಇಲ್ಲ, ನಗುವೂ ಇಲ್ಲ. ಅಪ್ಪ ಬಚ್ಚಲಿನಲ್ಲಿ ಸಹ ಊದುವುದನ್ನು ಬಿಟ್ಟ. ಒಂದು ಮಧ್ಯಾಹ್ನ ಅಮ್ಮ ಗೋಡೆಯ ಕಡೆ ತಿರುಗಿ ಅಳುತ್ತಿದ್ದದ್ದನ್ನು ನೋಡಿದೆ. ಅವಳು ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ನೆಟ್ಟಗೆ ನಂಜಪ್ಪನವರ ಬಳಿ ಹೋದೆ. ಅವರು ಗೆಡ್ಡೆ ವ್ಯಾಪಾರಕ್ಕೆಂದು ಜಿಲ್ಲೆಯೆಲ್ಲ ಸುತ್ತುವವರು.

"ಮಾವ, ನೀವು ಹೊಳೆನರಸೀಪುರಕ್ಕೆ ಹೋಗ್ತೀರಾ?"

"ನಾಳೀಕ್ ಓಯ್ತೀನಿ. ಯಾಕವ್ವ?"

"ಚನ್ನರಾಯಪಟ್ಟಣಕ್ಕೆ?"

"ಅತ್ಲಾಗಿಂದ ಅಂಗೇ ಓಗೋದೇಯ."

"ಅಮ್ಮಂಗೆ ಹುಷಾರಿಲ್ಲ, ಬರಬೇಕಂತೆ ಅಂತ ಇಬ್ಬರು ಅಜ್ಜೀರಿಗೂ ಹೇಳ್ಬಿಡಿ."

ನಂಜಪ್ಪನವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು.

"ಇಬ್ರುಗೂವಾ? ಒಟ್ಗೇಯಾ? ನಿಮ್ಮಪ್ಪ ಏಳಿದ್ನಾ?"

"ಅಪ್ಪಂಗೆ ಗೊತ್ತಿಲ್ಲ."

"ಮನೆ ನಂದು ಕಣವ್ವ," ಎಂದರು ನಿಧಾನವಾಗಿ. "ಎಂಚು ಆರಿಓದ್ರೆ ನಾನೇ ಆಕುಸ್ಬೇಕು." ಆದರೆ ಹೋಗಿ ಹೇಳಿದರು.

ಹೊಳೆಯಜ್ಜಿ ಬೆಳಿಗ್ಗೆಯೇ ಬಂದಳು. ಬಂದವಳು ಸೊಸೆಯ ಹಣೆ ಮುಟ್ಟಿ ನೋಡಿದಳು. ಮಡಿಯವಳು ಮುಟ್ಟಿದ್ದೇ ದೊಡ್ಡದು. ಆಮೇಲೆ ಸೆರಗು ಸಿಕ್ಕಿಸಿ ಅಡಿಗೆಮನೆಯ ಪಾತ್ರೆಯನ್ನೆಲ್ಲ ಹುಣಿಸೆಹಣ್ಣು ಹಾಕಿ ತಿಕ್ಕತೊಡಗಿದಳು. ಪಾತ್ರೆ ತೊಳೆದು ಕವುಚುವ ಹೊತ್ತಿಗೆ ಪಟ್ಣದಜ್ಜಿ ತೆಂಗಿನಕಾಯಿಯ ಚೀಲ ಹೊತ್ತ ಜಟಕಾದವನ ಜೊತೆ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅದಕ್ಕೆ ಮೊದಲು ಅವರು ಎಂದೂ ಭೇಟಿಯಾದವರಲ್ಲ. ಆದರೂ ಯಾರು ಯಾರೆಂದು ಇಬ್ಬರಿಗೂ ತಿಳಿಯಿತು. ಅಪ್ಪ ಕೈಯಲ್ಲಿದ್ದ ಸೌಟನ್ನು ಹಿಡಿದುಕೊಂಡೇ ಇಬ್ಬರ ಮಧ್ಯೆ ನಿಂತ. ಅಮ್ಮ ಹಾಸಿಗೆಯಿಂದಲೇ, "ಪುಟ್ಟಿ, ಇದು ನಿನ್ನ ಕೆಲಸಾನಾ?" ಎಂದಳು. ಹೌದು ಎಂದೆ. ಅವಳು ಬೈಯಲಿಲ್ಲ, ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. ನಗುತ್ತಿದ್ದಳೆಂದು ನನಗೆ ಅನುಮಾನ.

ಇನ್ನೊಬ್ಬಳು ಇರುವಾಗ ತಾನು ಹೊರಟರೆ ಸೋತಂತೆ. ಹಾಗಾಗಿ ಇಬ್ಬರೂ ಹೋಗಲಿಲ್ಲ. ಹೊಳೆಯಜ್ಜಿ ಒಳಗಿನ ಒಲೆ ಹಿಡಿದಳು. ಪಟ್ಣದಜ್ಜಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸೌದೆ ಒಲೆ ಹೊತ್ತಿಸಿದಳು. ಅಮ್ಮನಿಗೆ ಎಲ್ಲವೂ ಎರಡೆರಡು ಬಾರಿ. ಒಳಗಿಂದ ಜೀರಿಗೆ ಕಷಾಯ ಬಂದರೆ ಹೊರಗಿಂದ ಮೆಣಸಿನ ಕಷಾಯ. ಒಳಗಿನ ತಿಳಿಸಾರಿಗೆ ಎದುರಾಗಿ ಹೊರಗಿನ ಬೆಳ್ಳುಳ್ಳಿ ಸಾರು. ನಾನು ಎರಡೂ ಒಲೆಯ ಮುಂದೆ ಕೂತು ಉಂಡು ಗುಂಡಗಾದೆ. ಅಜ್ಜಿಯರು ತಮ್ಮೊಳಗೆ ನೇರವಾಗಿ ಒಂದು ಮಾತೂ ಆಡುತ್ತಿರಲಿಲ್ಲ. "ಹಿತ್ತಲ ಹೊಗೆ ಒಳಗೆ ಬರ್ತಿದೆ ಅಂತ ಹೇಳು," "ಗಾಳಿ ನನ್ ಮಾತು ಕೇಳಕಿಲ್ಲ ಅನ್ನು," ಹೀಗೆ ನನಗೆ ಹಳೆಯ ಕೆಲಸವೇ ಮತ್ತೆ ಸಿಕ್ಕಿತು. ಆದರೆ ಅಮ್ಮ ಎದ್ದು ಕೂತಳು. ಅನ್ನ ಕೇಳಿ ಹಾಕಿಸಿಕೊಂಡಳು. ಯಾರ ಸಾರು ಎಂದು ಇಬ್ಬರೂ ಬಗ್ಗಿ ನೋಡಿದರು. ಅವಳು ಎರಡನ್ನೂ ಕಲೆಸಿ ಉಂಡಳು.

ಒಂದು ಭಾನುವಾರ ಮಧ್ಯಾಹ್ನ ನಾನು ಅಪ್ಪನಿಗೆ ನೀರಿನ ಹುಡುಗಿಯ ಕತೆ ಹೇಳು ಎಂದೆ. ಎಷ್ಟೋ ಸಲ ಕೇಳಿದ್ದೆ, ಆದರೂ ಬೇಕಿತ್ತು. ಹೊಳೆಯಜ್ಜಿ ಸ್ಟೂಲಿನ ಮೇಲೆ ಹೂಬತ್ತಿ ಹೊಸೆಯುತ್ತಿದ್ದಳು. ಪಟ್ಣದಜ್ಜಿ ಹಿತ್ತಲ ಬಾಗಿಲ ಹೊಸ್ತಿಲಾಚೆ ತೆಂಗಿನಕಾಯಿ ಸುಲಿಯುತ್ತಿದ್ದಳು. ಅಪ್ಪ ಶುರುಮಾಡಿದ. ಒಂದು ಕೆರೆಯ ದಂಡೆಯಲ್ಲಿ ಮುದುಕ ಬೆಸ್ತ, ಅವನ ಹೆಂಡತಿ. ಅವರಿಗೆ ನೀರಿನಿಂದ ಬಂದ ಒಬ್ಬಳು ಸಾಕುಮಗಳು. ಮಹಾ ತುಂಟಿ. ಒಂದು ದಿನ ಕುದುರೆ ಏರಿ ಒಬ್ಬ ಸರದಾರ ಬಂದ, ನೆರೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿದ, ಅವಳನ್ನು ಮದುವೆಯಾದ. ನೀರಿನವರಿಗೆ ಆತ್ಮ ಇರುವುದಿಲ್ಲ, ಮನುಷ್ಯನನ್ನು ಮದುವೆಯಾದರೆ ಮಾತ್ರ ಬರುತ್ತದೆ.

"ಹಾಗಂದ್ರೇನೋ ಸೀನು?" ಹೊಳೆಯಜ್ಜಿಯ ಕೈ ನಿಂತಿತು. "ಇರುವೆಗೂ ಆತ್ಮ ಇರುತ್ತೆ. ಮದುವೆಯಾದ್ರೆ ಬರೋದಾ? ಯಾವ ಶಾಸ್ತ್ರದಲ್ಲಿದೆ ಅದು?"

"ಕತೇಲಿದೆ ಅಮ್ಮ."

"ಸರಿ, ಹೇಳು ಮುಂದೆ."

ಅಪ್ಪ ಮುಂದುವರಿಸಿದ. ನೀರಿನ ಮೇಲೆ ಇರುವಾಗ ಅವಳನ್ನು ಬೈಯಬಾರದೆಂದು ಸರದಾರನಿಗೆ ಮೊದಲೇ ಹೇಳಿದ್ದರು. ಅವನ ಮನಸ್ಸು ಬೇರೆಯವಳ ಕಡೆ ತಿರುಗಿತು. ಒಂದು ದಿನ ದೋಣಿಯಲ್ಲಿ ಹೋಗುವಾಗ, ನೀನು ನೀರಿನವಳು, ನಮ್ಮವಳಲ್ಲ ಎಂದು ಬೈದ. ಅವಳು ಅಳುತ್ತ ನೀರಿಗೆ ಇಳಿದುಹೋದಳು.

ಹೊಸ್ತಿಲಾಚೆ ಕಾಯಿ ಸುಲಿಯುವ ಸದ್ದು ನಿಂತಿತ್ತು.

"ಆತ್ಮ ಇಲ್ದೆ ಇದ್ದುದ್ದು ಅವ್ನಿಗೆ ಕಣಯ್ಯ," ಎಂದಳು ಪಟ್ಣದಜ್ಜಿ. "ಅವ್ಳಿಗಲ್ಲ."

"ನೋಡಿದ್ಯಾ," ಎಂದು ಹೊಳೆಯಜ್ಜಿ ಅಪ್ಪನಿಗೆ ಹೇಳಿದಳು. "ಅವರು ಸರಿಯಾಗಿ ಹೇಳಿದ್ರು."

ಆಕೆ ಎಂದು ಹೇಳುತ್ತಿದ್ದವಳ ಬಾಯಲ್ಲಿ 'ಅವರು' ಬಂದಿತ್ತು. ಅಪ್ಪ ಅದನ್ನು ಗಮನಿಸಿಯೂ ಗಮನಿಸದವನಂತೆ ಕತೆ ಮುಗಿಸಲು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಹಾಸಿಗೆಯಿಂದ ಎದ್ದು ಬಂದಳು. ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಪಿಯಾನೊದ ಮೇಲಿನ ಬಟ್ಟೆ ಬಾಟಲಿಗಳನ್ನು ಸರಿಸಿದಳು.

"ಉಳಿದದ್ದನ್ನ ನುಡಿಸೇ ಕೇಳಿಸೋಣ ರೀ. ಕೊಳಲು ತಗೊಳ್ಳಿ."

ಹೊಳೆಯಜ್ಜಿ ಸ್ಟೂಲಿನಿಂದ ಎದ್ದಳು, ಆದರೆ ಒಪ್ಪಿ ಅಲ್ಲ.

"ಬಸುರಿ ಹೆಂಗಸು ಈ ಸ್ಥಿತೀಲಿ ಪೆಟ್ಟಿಗೆ ಮುಂದೆ ಕೂರೋದಾ? ಡಾಕ್ಟ್ರು ಏನಂದಿದಾರೆ?"

"ಕೂತ್ಕಳ್ಲಿ ಬುಡಿ," ಎಂದಳು ಪಟ್ಣದಜ್ಜಿ ಹೊಳೆಯಜ್ಜಿಯ ಮುಖವನ್ನೇ ನೋಡುತ್ತ. "ಬೆರಳಿಗೇನು ಬಸುರಾ. ನಾವಿಬ್ರು ಇದೀವಲ್ಲ ಇಡ್ಕಳಕೆ."

ಅದು ಅವರಿಬ್ಬರ ನಡುವೆ ನೇರವಾಗಿ ನಡೆದ ಮೊದಲ ಮಾತು. ಹೊಳೆಯಜ್ಜಿ ಅಮ್ಮನ ಬೆನ್ನಿಗೆ ಆಸರೆಯಾಗುವಂತೆ ಸ್ಟೂಲಿನ ಹಿಂದೆ ನಿಂತುಕೊಂಡಳು. ಪಟ್ಣದಜ್ಜಿ ಹೊಸ್ತಿಲು ದಾಟಿ ಒಳಗೆ ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತಳು.

ನಾನು ಆಮೇಲೆ ಈ ಸೊನಾಟವನ್ನು ದೊಡ್ಡ ದೊಡ್ಡ ಊರಿನ ಸಭಾಂಗಣಗಳಲ್ಲಿ ಕೇಳಿದ್ದೇನೆ. ಸರಿಯಾದ ಶ್ರುತಿ, ಸರಿಯಾದ ಪಿಯಾನೊ, ಕೆಮ್ಮಿದರೂ ತಿರುಗಿ ನೋಡುವ ಜನ. ಆದರೆ ಸಂಗೀತದ ಮಧ್ಯೆ ಯಾರೂ ಮಾತಾಡದಿದ್ದರೆ ನನಗೆ ಏನೋ ಕಳೆದುಕೊಂಡಂತೆ ಆಗುತ್ತದೆ. ಅಂದು ನಮ್ಮನೆಯಲ್ಲಿ ಹಾಗಿರಲಿಲ್ಲ. ಮೊದಲ ಭಾಗದಲ್ಲಿ ಪಿಯಾನೊ ಅಲೆಯಲೆಯಾಗಿ ಎದ್ದಾಗ ಹೊಳೆಯಜ್ಜಿ, "ಇದು ಹೇಮಾವತಿ, ಕೆನ್ನೀರು ಬರೋಕೆ ಮುಂಚೆ ಹೀಗೇ ಇರುತ್ತೆ" ಎಂದಳು. ಎರಡನೆಯದರಲ್ಲಿ ಕೊಳಲು ಓಡತೊಡಗಿದಾಗ ಪಟ್ಣದಜ್ಜಿ ನನ್ನ ತೊಡೆ ಚಿವುಟಿ, "ಇವ್ಳೇ ಕಣ" ಎಂದಳು. ಮೂರನೆಯದು ಮದುವೆಯ ಭಾಗ, ಬಹಳ ಮೆಲ್ಲಗೆ ನಡೆಯುವಂಥದ್ದು. ಪ್ರತಿ ಸಾಲಿಗೆ ಮೊದಲು ಅಪ್ಪ ಅಮ್ಮನ ಕಡೆ ನೋಡುತ್ತಿದ್ದ. ಅವಳು ತಲೆಯನ್ನು ಇಷ್ಟೇ ಇಷ್ಟು ಆಡಿಸುತ್ತಿದ್ದಳು. ಆಮೇಲೆ ಅವನು ಉಸಿರು ತೆಗೆದುಕೊಳ್ಳುತ್ತಿದ್ದ. ನನಗೆ ಅದು ದಿನಾ ಕಂಡ ನೋಟ. ಹೊಳೆಯಜ್ಜಿ ಮಾತ್ರ ಮೊದಲ ಸಲ ನೋಡುತ್ತಿದ್ದಳು. ಅಮ್ಮನ ಬೆನ್ನಿನ ಮೇಲೆ ಒಂದು ಕೈಯಿಟ್ಟವಳು ಭಾಗ ಮುಗಿಯುವವರೆಗೆ ತೆಗೆಯಲಿಲ್ಲ.

ನಾಲ್ಕನೆಯದು ಶುರುವಾದಾಗ ಹೊರಗೆ ನಂಜಪ್ಪನವರೂ ಬಂದು ಕಿಟಕಿಯ ಹತ್ತಿರ ನಿಂತರು. ಪಿಯಾನೊ ಗುಡುಗಿತು, ಕೊಳಲು ಕೂಗಿತು.

"ಈಗ ಮೋಸ ಮಾಡುದ್ನಾ?" ಪಟ್ಣದಜ್ಜಿ ನನ್ನ ಕಿವಿಯಲ್ಲಿ ಕೇಳಿದಳು.

"ಹ್ಞೂಂ. ಬೇರೆ ಮದುವೆ ಆಗ್ತಿದಾನೆ."

"ಅವ್ಳು ಬಂದ್ಲಾ?"

"ಬಂದ್ಲು. ಅವನನ್ನ ತಬ್ಬಿಕೊಂಡು ಅತ್ತಳು. ಅವಳು ಅತ್ತಿದ್ದಕ್ಕೇ ಅವನು ಸತ್ತ."

ಆಮೇಲೆ ಗುಡುಗು ನಿಲ್ಲುತ್ತದೆ. ಮೊದಲು ಕೇಳಿದ್ದ ನೀರಿನ ಸದ್ದು ಮೆಲ್ಲಗೆ ಬರುತ್ತದೆ. ಕೊಳಲು ಉದ್ದನೆಯ ಒಂದು ಸ್ವರ ಹಿಡಿದು ಅದರೊಳಗೆ ಇಳಿದುಹೋಗುತ್ತದೆ. ಅಪ್ಪ ಕೊಳಲನ್ನು ತುಟಿಯಿಂದ ತೆಗೆದ. ಅಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಸುಸ್ತಾಗಿದ್ದಳು, ಆದರೆ ಮುಖ ತಿಳಿಯಾಗಿತ್ತು.

"ಆಮ್ಯಾಕೆ ಆ ಉಡ್ಗಿ ಎಲ್ಲಿಗೋದ್ಲು?" ಪಟ್ಣದಜ್ಜಿ ಈಗ ಗಟ್ಟಿಯಾಗಿಯೇ ಕೇಳಿದಳು.

"ನೀರಿಗೆ ವಾಪಸ್ಸು," ಎಂದ ಅಪ್ಪ. "ಅವಳ ತೌರುಮನೆ ಅದೇ ತಾನೆ."

ಪಟ್ಣದಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವ್ಳಿಗೆ ಓಗಕೆ ನೀರಾದ್ರೂ ಇತ್ತು. ನನ್ ಮಗ್ಳಿಗೆ ಅದೂ ಇಲ್ದಂಗೆ ಮಾಡಿದೀವಲ್ಲ."

ಅಮ್ಮ ಪಿಯಾನೊದ ಮೇಲೆ ತಲೆಯಿಟ್ಟಳು, ಒಟ್ಟಿಗೆ ಏಳೆಂಟು ಮನೆಗಳು ಸದ್ದುಮಾಡಿದವು. ಹೊಳೆಯಜ್ಜಿ ಅವಳನ್ನು ಮೆಲ್ಲಗೆ ಎಬ್ಬಿಸಿ ತನ್ನ ಹೊಟ್ಟೆಗೆ ಒರಗಿಸಿಕೊಂಡಳು. ಮಡಿ ಎಲ್ಲಿಗೆ ಹೋಯಿತೋ. ಅಲ್ಲಿಂದಲೇ ಕೇಳಿದಳು.

"ಬಾಣಂತನಕ್ಕೆ ಕರ್ಕೊಂಡು ಹೋಗ್ತೀರಾ?"

"ಓಯ್ತೀನಿ."

"ನಿಮ್ಮ ಯಜಮಾನರು?"

"ಅವ್ರನ್ನ ನಾನು ನೋಡ್ಕತೀನಿ. ಇಷ್ಟು ವರ್ಸ ಅವ್ರು ಏಳಿದ್ದು ಕೇಳ್ಕಂಡಿದ್ದಾಯ್ತು. ಇನ್ನು ನಂದು ಅವ್ರು ಕೇಳ್ಲಿ."

ಇನ್ನು ಒಟ್ಟಿಗೆ ಊಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಲೆಗಳು ಎರಡಾಗಿಯೇ ಉಳಿದವು. ಆದರೆ ಅಂದು ಪಟ್ಣದಜ್ಜಿ ಸುಲಿದಿಟ್ಟಿದ್ದ ಒಂದು ಕಾಯಿಯನ್ನು ಒಡೆದು, "ಕಾಯಿಗೇನು ಮಡಿ ಮೈಲ್ಗೆ ಇಲ್ವಲ್ಲ" ಎಂದು ಹೊಳೆಯಜ್ಜಿಯ ಮುಂದೆ ಒಂದು ಹೋಳು ಹಿಡಿದಳು. ಹೊಳೆಯಜ್ಜಿ ಸ್ವಲ್ಪ ಯೋಚಿಸಿ ತೆಗೆದುಕೊಂಡಳು. ಅಮ್ಮನ ಡಬ್ಬದಿಂದ ಬೆಲ್ಲ ತರಿಸಿದಳು. ಇಬ್ಬರೂ ಪಿಯಾನೊದ ಆ ಕಡೆ ಈ ಕಡೆ ಕೂತು ಕಾಯಿ ಬೆಲ್ಲ ತಿನ್ನುತ್ತ ಆ ಸರದಾರನಿಗೆ ಇನ್ನೇನೇನು ಆಗಬೇಕಿತ್ತು ಎಂದು ಕತ್ತಲಾಗುವವರೆಗೆ ಮಾತಾಡಿದರು. ಸಾಯಿಸಿದ್ದು ಕಡಿಮೆಯಾಯಿತೆಂದು ಪಟ್ಣದಜ್ಜಿಯ ಅಭಿಪ್ರಾಯ. ಸಾಯಿಸಬಾರದಿತ್ತು, ನೀರು ಹೊರುವುದಕ್ಕೆ ಹಚ್ಚಬೇಕಿತ್ತು ಎಂದು ಹೊಳೆಯಜ್ಜಿ. ಅಪ್ಪ ಅಡಿಗೆಮನೆಯಲ್ಲಿ ಸದ್ದಿಲ್ಲದೆ ಪಾತ್ರೆ ತೊಳೆಯುತ್ತಿದ್ದ.

ಅಮ್ಮ ಪಟ್ಣಕ್ಕೆ ಹೋದಳು. ತಾತ ಬೇಡವೆನ್ನಲಿಲ್ಲವಂತೆ, ಬಾ ಎಂದೂ ಅನ್ನಲಿಲ್ಲವಂತೆ. ಮಗಳು ಒಳಗೆ ಬಂದ ದಿನ ಜಗಲಿಯಲ್ಲಿ ಕೂತು ಪೇಪರು ಓದುತ್ತಲೇ ಇದ್ದನಂತೆ, ಪುಟ ಮಾತ್ರ ತಿರುಗಿಸಲಿಲ್ಲವಂತೆ. ನನಗೆ ತಂಗಿ ಹುಟ್ಟಿದ ಸುದ್ದಿ ನಂಜಪ್ಪನವರ ಜೊತೆಗೇ ಬಂತು. ಅಪ್ಪ, ಹೊಳೆಯಜ್ಜಿ, ನಾನು ಬಸ್ಸು ಹತ್ತಿದೆವು. ಅಪ್ಪನ ಕೈಯಲ್ಲಿ ಕೊಳಲಿನ ಪೆಟ್ಟಿಗೆ. ಇದ್ಯಾಕೆ ತಂದಿದ್ದು ಎಂದು ಕೇಳಿದ್ದಕ್ಕೆ, ಕೈ ಖಾಲಿ ಇರಬಾರದು ನೋಡು ಎಂದ. ಬಹಳ ಹೆದರಿದ್ದ.

ಹೊಳೆಯಜ್ಜಿ ಬೀಗಿತ್ತಿಯನ್ನು ಕಂಡು ನೇರವಾಗಿ ಒಳಗೆ ನಡೆದುಬಿಟ್ಟಳು. ಅಪ್ಪ ಜಗಲಿಯ ಕೆಳಗೇ ನಿಂತ. ಮೇಲೆ ತಾತ ಕೂತಿದ್ದ, ಬಿಳಿ ಪಂಚೆ, ಕೈಯಲ್ಲಿ ಪೇಪರು, ಹಣೆಯ ಮೇಲೆ ವಿಭೂತಿಯ ಗೆರೆಗಳು. ಅಂಗಳದಲ್ಲಿ ಕೊಬ್ಬರಿ ಒಣಹಾಕಿತ್ತು, ಆ ವಾಸನೆ ಬೀದಿಯವರೆಗೂ ಬರುತ್ತಿತ್ತು. ನಾನು ಇಬ್ಬರನ್ನೂ ನೋಡುತ್ತ ಮೆಟ್ಟಿಲ ಮೇಲೆ ಕೂತೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸಲು ಸಿದ್ಧಳಾಗಿಯೇ ಇದ್ದೆ. ಅದು ಬೇಕಾಗಲಿಲ್ಲ.

"ಅದೇನೋ ಊದ್ತಾರಂತಲ್ಲ ಮೇಷ್ಟ್ರು," ಎಂದ ತಾತ, ಒಣಗಿದ ಕೊಬ್ಬರಿಯನ್ನು ನೋಡುತ್ತ. "ಊದ್ಲಿ ನೋಡಾನ."

ಅ‍ಪ್ಪ ಪೆಟ್ಟಿಗೆ ತೆರೆದು ಕೊಳಲು ಜೋಡಿಸಿದ. ಎರಡನೆಯ ಭಾಗವನ್ನೇ ಆರಿಸಿಕೊಂಡ. ನೀರಿನ ಹುಡುಗಿ ಆ ಪಟ್ಣದ ಬೀದಿಯಲ್ಲಿ ಓಡಿದಳು, ಕೊಬ್ಬರಿಯ ರಾಶಿ ಹತ್ತಿ ಇಳಿದಳು. ದಾರಿಯಲ್ಲಿ ಹೋಗುವವರು ನಿಂತರು. ಅಷ್ಟರಲ್ಲಿ ಪಿಯಾನೊ ಒಂದೇ ಹಾಡಬೇಕಾದ ಜಾಗ ಬಂತು. ಅಪ್ಪ ಕೊಳಲನ್ನು ಕೆಳಗಿಳಿಸಿ, ಅಭ್ಯಾಸಬಲದಿಂದ, ಸುಮ್ಮನೆ ನಿಂತ.

"ಯಾಕೆ ನಿಲ್ಸಿದ್ದು?" ಎಂದ ತಾತ.

"ಈಗ ಅವಳ ಸರದಿ," ಎಂದ ಅಪ್ಪ.

ತಾತ ಅರ್ಥವಾಗದೆ ಮೊದಲ ಸಲ ಅವನ ಮುಖ ನೋಡಿದ. ಆಗ ಒಳಗೆ ಬಾಣಂತಿಯ ಕೋಣೆಯಿಂದ ಅಮ್ಮನ ದನಿ ಬಂತು. ಪಿಯಾನೊದ ಸ್ವರಗಳನ್ನು ಅವಳು ಬಾಯಲ್ಲೇ ಹಾಡುತ್ತಿದ್ದಳು, ಮೆಲ್ಲಗೆ, ಮಗು ಮಲಗಿಸುವ ದನಿಯಲ್ಲಿ, ಎಣಿಕೆ ಒಂದಿಷ್ಟೂ ತಪ್ಪದೆ. ತಾತ ಕೈಯಲ್ಲಿದ್ದ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟ. ಅವಳ ಸಾಲು ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡಿದ್ದ. ಅಪ್ಪ ಮತ್ತೆ ಕೊಳಲನ್ನು ತುಟಿಗೆ ತಂದಾಗ ತಾತ ಕೈ ಎತ್ತಿ ತಡೆದು, ಜಗಲಿಯಿಂದ ಎದ್ದು ಬಾಗಿಲು ಬಿಟ್ಟು ಸರಿದು ನಿಂತ.

"ಒಳೀಕ್ಕೋಗಿ ಊದಿ. ಇಲ್ಲಿಂದ ಮಗೀಗೆ ಸರ್ಯಾಗಿ ಕೇಳಕಿಲ್ಲ."